ಒಂದು ಗುಂಡಿನ ಜಾಗ

ಬಂದರಿನ ಗುಜರಿಯಲ್ಲಿ ಇದಿನಬ್ಬ ಅದನ್ನು ತಕ್ಕಡಿಗೆ ಹಾಕಿದ:
ಹದಿನೆಂಟು ಕಿಲೋ, ಮೇಲೆ ಇನ್ನೂರು ಗ್ರಾಮು.
"ಬಾಯಮ್ಮ, ಇದರಲ್ಲಿ ಸೈಕಲೆಷ್ಟು ತುಕ್ಕೆಷ್ಟು ಅಂತ
ಕೇಳಬೇಡಿ. ಎರಡಕ್ಕೂ ಒಂದೇ ರೇಟು."

ಕೊಟ್ಟೆ.
ಜಪ್ಪುವರೆಗೆ ತಳ್ಳಿಕೊಂಡೇ ಬಂದೆ.
ಮುಂದಿನ ಚಕ್ರ ಬಿಸಿಲಲ್ಲಿ ಮರೆತ ಹಲಸಿನ ಹಪ್ಪಳ,
ಒಂದು ಸುತ್ತಿಗೆ ಎರಡು ಸಲ ಒಡಲು ತಾಗಿ
ಕುಂಯ್ ಅನ್ನುತ್ತಿತ್ತು.
ಮಾರ್ನಮಿಕಟ್ಟೆಯಲ್ಲಿ ಯಾರೋ ಕೇಳಿದರು,
"ಎಂತ ಬಾಯಿ, ಗಾಳಿ ಇಲ್ವಾ?"
ಗಾಳಿ ಮಾತ್ರವಾ!

ಹಗಲು ಮೂರು ರವಿಕೆ, ಒಂದು ಯೂನಿಫಾರ್ಮು.
ರಾತ್ರಿ ಎಂಟರ ಮೇಲೆ ಅಂಗಡಿ ಬಾಗಿಲು ಅರ್ಧ ಎಳೆದು
ನಾನೂ ಅದೂ.
ಚೈನು ಮೂರು ದಿನ ಸೀಮೆಎಣ್ಣೆಯಲ್ಲಿ ಮಲಗಿತು.
ಕಾಟರ್ ಪಿನ್ನು ಮಾತ್ರ ಜಪ್ಪಯ್ಯ ಅನ್ನಲಿಲ್ಲ.
ಕೊಂಕಣಿಯಲ್ಲಿ ಬೈದೆ, ತುಳುವಿನಲ್ಲಿ ಬೈದೆ,
ಕನ್ನಡದ ಬೈಗುಳ ಟೀಚರಮ್ಮ ಕಲಿಸಿರಲಿಲ್ಲ.
ನಾಲ್ಕನೆಯ ರಾತ್ರಿ ಒಂದೇ ಪೆಟ್ಟಿಗೆ,
ತನ್ನದೇ ಯೋಚನೆ ಎಂಬಂತೆ, ಹೊರಬಂತು.

ಜಾರಪ್ಪಣ್ಣ ಎದುರಿನ ಜಗಲಿಯಿಂದಲೇ ಮೇಸ್ತ್ರಿಕೆ ಮಾಡುವವ.
ಕೈ ನಡುಗುತ್ತದೆ, ನಾಲಿಗೆ ನಡುಗುವುದಿಲ್ಲ.
"ಎಡ ಪೆಡಲಿಗೆ ಥ್ರೆಡ್ಡು ಉಲ್ಟಾ!"
ಥ್ರೆಡ್ಡು ಅಂದರೆ ನನಗೆ ನೂಲು.
ಅರ್ಥ ಆಗುವಾಗ ಸ್ಪ್ಯಾನರಿನ ಬಾಯಿ ಸವೆದಿತ್ತು.

ಆದರೆ ಕಡ್ಡಿಗಳ ಲೆಕ್ಕ ನನಗೆ ಯಾರೂ ಹೇಳಬೇಕಾಗಲಿಲ್ಲ.
ಮುಂದಕ್ಕೆ ಮೂವತ್ತೆರಡು, ಹಿಂದಕ್ಕೆ ನಲವತ್ತು.
ಮೇಲಿನ ನೂಲು ಬಿಗಿದರೆ ಬಟ್ಟೆ ನೆರಿಗೆಗಟ್ಟುತ್ತದೆ,
ಇಲ್ಲಿಯೂ ಹಾಗೆಯೇ:
ಈಚೆಯದನ್ನು ಕಾಲು ಸುತ್ತು ಬಿಡು, ಆಚೆಯದನ್ನು ಹಿಡಿ,
ಬೆರಳಿಂದ ಮೀಟು, ಕಿವಿ ಕೊಡು, ಮತ್ತೆ ಕಾಲು ಸುತ್ತು.
ಎರಡು ರಾತ್ರಿ ಕಳೆದು ಕುಂಯ್ ನಿಂತಿತು.
ನಿಂತ ಮೇಲೆ ಸ್ವಲ್ಪ ಬೇಸರವೂ ಆಯಿತು.

ಹಿಂದಿನ ಮಡ್‌ಗಾರ್ಡಿಗೆ ಮರಳುಕಾಗದ ಹಿಡಿದೆ.
ಹಸಿರು ಹೋಯಿತು, ಅಡಿಯಲ್ಲಿ ಕಪ್ಪು,
ಕಪ್ಪಿನಡಿ ನೀಲಿ,
ನೀಲಿಯ ಮೇಲೆ ಬಿಳಿಯಲ್ಲಿ ದಪ್ಪ ಕೈಬರಹದ ಏಳು.

ಬಾಡಿಗೆ ಸೈಕಲು.

ಸಂಕಪ್ಪಣ್ಣನ ಅಂಗಡಿ. ಗೋಡೆಗೆ ಸ್ಲೇಟು,
ಸ್ಲೇಟಿನಲ್ಲಿ ನಂಬರು, ಹೆಸರು, ಹೊರಟ ಹೊತ್ತು.
ಎಲಿಯಾಸ್ ಒಂಬತ್ತರ ಪೋರ, ಕತ್ತರಿಗಾಲು ಹಾಕಿ
ದಂಡಿಗೆಯಡಿ ತೂರಿ ಹೋದರೆ
ಅವನ ಚಪ್ಪಲಿ ಹಿಡಿದು ನಿಲ್ಲುವುದು ನಾನು.
"ಹುಡುಗಿಯರಿಗೆ ಕೊಡುವುದಿಲ್ಲ ಮಗಾ,"
ನಗುತ್ತಲೇ ಹೇಳಿದ್ದು, ಕೆಟ್ಟವನಲ್ಲ.
ಗಂಟೆಗೆ ನಾಲ್ಕಾಣೆ.
ನನ್ನ ಮುಷ್ಟಿಯಲ್ಲಿ ನಾಲ್ಕಾಣೆ ಇತ್ತು.

ಇದು ಅದೇ ಏಳು ಅಂತ ಹೇಳಲಿಕ್ಕಾಗುವುದಿಲ್ಲ.
ಊರಲ್ಲಿ ಎಷ್ಟು ಅಂಗಡಿ, ಎಷ್ಟು ಏಳು.
ಆದರೂ ಆ ಅಂಕಿಯ ಮೇಲೆ ಬಣ್ಣ ಬಳಿಯಲಿಲ್ಲ.

ಹಬ್ಬಿಗೆ ಗ್ರೀಸು ಮೆತ್ತಿ ಗುಂಡು ಕೂರಿಸಿದೆ,
ಹತ್ತು ಹಿಡಿಯಿತು. ಇನ್ನೂ ಎಡೆ ಕಂಡಿತು,
ಹನ್ನೊಂದನೆಯದನ್ನು ಒತ್ತಲು ಹೋದೆ.
"ಬೇಡ, ಬೇಡ," ಜಗಲಿ ಕೂಗಿತು.
"ಒಂದು ಗುಂಡಿನ ಜಾಗ ಖಾಲಿ ಇರಲಿಕ್ಕೆ ಉಂಟು.
ತುಂಬಿಸಿದರೆ ತಿರುಗುವುದಿಲ್ಲ ಮಾರಾಯ್ತಿ,
ಒಂದನ್ನೊಂದು ತಿನ್ನುತ್ತವೆ."
ಉಳಿದದ್ದು ಈಗ ಬಾಬಿನುಗಳ ಡ್ರಾಯರಿನಲ್ಲಿದೆ.
ಎಳೆದಾಗಲೆಲ್ಲ ಉರುಳಿ ಬಂದು ಮುಖ ತೋರಿಸುತ್ತದೆ.

ಮೊದಲ ಪೂಜೆಯ ಗಂಟೆಗೆ ಇನ್ನೂ ಹೊತ್ತಿತ್ತು.
ಚರ್ಚಿನ ಮೈದಾನದಲ್ಲಿ ನಾನು, ಒಂದು ನಾಯಿ.
ವಯಸ್ಸು ಅರುವತ್ತೊಂದು.
ಮೈಮೇಲೆ, ಉದ್ದ ಕಡಿಮೆ ಮಾಡಲಿಕ್ಕೆಂದು
ಎಲಿಯಾಸ್ ಕೊಟ್ಟುಹೋದ ಪ್ಯಾಂಟು.
ಎರಡು ಸಲ ಬಿದ್ದೆ.
ಮೂರನೆಯ ಸಲ ಬೀಳುವ ಮೊದಲು
ಮಾವಿನ ಮರದಿಂದ ಶಿಲುಬೆಯ ಕಟ್ಟೆವರೆಗೆ
ಹೋಗಿ ಆಗಿತ್ತು.
ಮೊಣಕೈ ತರಚಿತು. ನಾಯಿ ಮೂಸಿ ನೋಡಿತು.
ಮಗುಚಿ ಬಿದ್ದದ್ದರ ಚಕ್ರ ತನ್ನಷ್ಟಕ್ಕೆ
ಸದ್ದಿಲ್ಲದೆ ತಿರುಗುತ್ತಲೇ ಇತ್ತು.

ನಾಳೆ ಬರುತ್ತಾನೆ ತಮ್ಮ ಪ್ಯಾಂಟಿಗೆ.
ಬಲಗಾಲಿನಲ್ಲಿ ಚೈನಿನ ಗ್ರೀಸು, ಅಚ್ಚು ಒತ್ತಿದ ಹಾಗೆ.
ಇದೆಂತ ಅಂತ ಕೇಳಿದರೆ
ಹೊಲಿಗೆಯ ದುಡ್ಡಿನಿಂದ ಹಿಡಿದುಕೋ,
ಗಂಟೆಗೆ ನಾಲ್ಕಾಣೆ, ಅನ್ನುತ್ತೇನೆ.