ಅರವತ್ತು ತಿಂಗಳು

ಓಕಳಿಪುರದ ರೈಲ್ವೆ ಗೋಡೆಗೆ ಅಂಟಿದ ಒಂದೇ ಕೋಣೆ.
ಮೈಸೂರು ಗಾಡಿ ಹೋದಾಗಲೆಲ್ಲ
ಪಟದೊಳಗಿನ ಅಳಿಲು ಒಮ್ಮೆ ನಡುಗಿ ಸುಮ್ಮನಾಗುತ್ತಿತ್ತು.
ತೊಲೆಗೆ ತಕ್ಕಡಿ, ತಕ್ಕಡಿಯ ಕೊಕ್ಕೆಗೆ ನೀಲಿ ಚಡ್ಡಿ.
ಕಾಲು ತೂರಿಸಿ ಮಗುವನ್ನು ಬಿಟ್ಟರೆ
ಒಂದು ಚಣ ಅದು ಯಾರದೂ ಅಲ್ಲ,
ತಾಯಿಯದಲ್ಲ, ನೆಲದ್ದೂ ಅಲ್ಲ.
ಅಳು ಶುರುವಾಗುವ ಮುಂಚೆ ಮುಳ್ಳು ನಿಲ್ಲಬೇಕು.
ನಿಂತದ್ದನ್ನು ಓದಿ
ಕಾರ್ಡಿನಲ್ಲಿ ಒಂದು ಚುಕ್ಕೆ.

ಹಸಿರು ಪಟ್ಟೆ, ಹಳದಿ, ಅದರ ಕೆಳಗೆ ಕಿತ್ತಳೆ.
ಸಗಾಯಮೇರಿ ಮಗನಿಗೆ ತಂಬಿಗೆ ನೀರು ಕುಡಿಸಿ ತರುತ್ತಿದ್ದಳು,
ಹಸಿರಿಗೆ ಏರಲೆಂದು.
ಅವನ ಹೊಟ್ಟೆ ಬುಳುಬುಳು ಅನ್ನುವುದು ನನಗೆ ಕೇಳುತ್ತಿತ್ತು.
ನಾನು ನೀರನ್ನು ಕಳೆದು ಬರೆದೆ.
ಕಿತ್ತಳೆಯಾದರೆ ಒಂದು ಮೊಟ್ಟೆ ಹೆಚ್ಚು.
ಆಕೆ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಳು.

ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಅಂತಾರೆ.
ಮೂರು ವರ್ಷದವರನ್ನೇ ಇಪ್ಪತ್ತೊಂಬತ್ತು ವರ್ಷ ನೋಡಿದವಳು ಹೇಳುತ್ತೇನೆ,
ಗಾದೆ ಕಟ್ಟಿದವನು ಮಕ್ಕಳ ಮೂಗು ಒರೆಸಿರಲಿಕ್ಕಿಲ್ಲ.

ಜಬೀನಾ ಇಪ್ಪತ್ತೆರಡು ತಿಂಗಳಾದರೂ ಹೆಜ್ಜೆ ಇಡಲಿಲ್ಲ.
ಎಣ್ಣೆ ತಿಕ್ಕಿದರು, ದರ್ಗಾದ ದಾರ ಕಟ್ಟಿದರು,
ಮರಳಲ್ಲಿ ಸೊಂಟದವರೆಗೆ ಹೂತು ನಿಲ್ಲಿಸಿದರು.
ಒಂದು ಬೆಳಗ್ಗೆ ಬಾಗಿಲಲ್ಲಿ ಯಾರದೋ ಮೇಕೆ ಹಾಯಿತು;
ಎದ್ದಳು, ಅದರ ಹಿಂದೆ ಹೋದಳು, ಅಷ್ಟೆ.
ಈಗ ಯಶವಂತಪುರದ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಾಳೆ.
ಬ್ರೇಕು ಹಾಕಿದಾಗ ಎಲ್ಲರೂ ಕಂಬಿ ಹುಡುಕುತ್ತೇವೆ,
ಅವಳೊಬ್ಬಳು ಏನನ್ನೂ ಹಿಡಿಯದೆ
ಚಿಲ್ಲರೆ ಎಣಿಸುತ್ತಾ ನಿಂತಿರುತ್ತಾಳೆ.

ಕಾರ್ಡು ಅರವತ್ತು ತಿಂಗಳಿಗೆ ಮುಗಿಯುತ್ತದೆ.
ಆಮೇಲೆ ಅಂಚು.
ನಾನೂ ಅರವತ್ತಕ್ಕೇ ಮುಗಿದೆ, ವರ್ಷದ ಲೆಕ್ಕದಲ್ಲಿ.
ಒಂದು ಶಾಲು, ಒಂದು ಸ್ಟೀಲ್ ಡಬರಿ,
ನನ್ನ ಹೆಸರು ತಪ್ಪಾಗಿ ಹೇಳಿದ ಒಂದು ಭಾಷಣ.

ಅಂಚಿನಾಚೆ ಎಷ್ಟು ನಡೆದಿತ್ತು!
ನಮ್ಮತ್ತೆ ಗಂಗಹನುಮಕ್ಕ, ಎಪ್ಪತ್ತೊಂದಕ್ಕೆ
ಮಕ್ಕಳ ಹಿಂದಿನ ಸಾಲಲ್ಲಿ ಕಾಲು ಚಾಚಿ ಕೂತು
'ಗ' ತಿದ್ದಿದವಳು. ಮೊದಲು ಕನ್ನಡಿಯೊಳಗಿನ 'ಗ'.
ಆಮೇಲೆ ಮಲಗಿದ್ದು. ಯುಗಾದಿಯ ಹೊತ್ತಿಗೆ ನೆಟ್ಟಗಿನದು.
ಬ್ಯಾಂಕಿನವನು ಅಭ್ಯಾಸಬಲದಿಂದ ಮಸಿಯ ಡಬ್ಬಿ ದೂಡಿದ.
ಅವಳು ಹೆಬ್ಬೆಟ್ಟನ್ನು ಸೆರಗಿನೊಳಗೆ ಬಚ್ಚಿಟ್ಟು
ಪೆನ್ನು ಕೇಳಿದಳು.
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?
ಬಗ್ಗಲಿಲ್ಲ. ಚಿಗುರಿತು.

ನನಗೆ ಎತ್ತರ ನಿಂತದ್ದು ಹದಿಮೂರಕ್ಕೆ.
ಸಿಟ್ಟು ಬಂದದ್ದು ನಲವತ್ತಾರಕ್ಕೆ,
ಗೌರವಧನಕ್ಕೆಂದು ಫ್ರೀಡಂ ಪಾರ್ಕಿನ ಮುಂದೆ
ಟಾರು ರಸ್ತೆಯಲ್ಲಿ ಪೇಪರು ಹಾಸಿ ಮಲಗಿದ ರಾತ್ರಿ.
ತಡವಾಗಿ ಮೂಡುವ ದವಡೆ ಹಲ್ಲಿನ ಹಾಗೆ ನೋಯಿತು.
ಆಮೇಲೆ ಅದರಲ್ಲೇ ಅಗಿಯುವುದು ರೂಢಿಯಾಯಿತು.

ಈಗ ಆಸ್ಪತ್ರೆಯ ಹುಡುಗ ಹೇಳುತ್ತಾನೆ:
ನಾಲ್ಕು ಕೇಜಿ ಇಳಿದಿದ್ದೀರ ಅಜ್ಜಿ, ಎತ್ತರವೂ ಒಂದಿಂಚು ಕಮ್ಮಿ.
ಬರೆದುಕೊಂಡ. ಗೆರೆ ಎಳೆಯಲಿಲ್ಲ.
ಒಂದಿಂಚು ಎಲ್ಲಿ ಬಿತ್ತು ಅಂತ ಯಾರನ್ನು ಕೇಳಲಿ?

ಒಂದು ಖಾಲಿ ಕಾರ್ಡು ಕದ್ದು ತಂದಿದ್ದೇನೆ,
ಅಕ್ಕಿ ಡಬ್ಬದ ಕೆಳಗಿದೆ.
ಚುಕ್ಕೆ ಇಡೋಣವೆಂದರೆ ಯಾವುದನ್ನು ತೂಗುವುದು?

ನಿನ್ನೆ ನವರಂಗಿನ ಬಳಿ ರಸ್ತೆ ದಾಟಬೇಕಿತ್ತು.
ಗುರುತಿಲ್ಲದ ಹುಡುಗನೊಬ್ಬನ ತೋಳು ಕೇಳಿದೆ.
ಇದುವರೆಗೆ ಕೇಳಿದವಳಲ್ಲ;
ಎತ್ತಿಕೊಂಡವಳು, ಇಳಿಸಿದವಳು.
ನಡುರಸ್ತೆಯಲ್ಲಿ ಒಂದು ಚಣ
ನಾನು ಯಾರದೂ ಅಲ್ಲ, ನೆಲದ್ದೂ ಅಲ್ಲ.
ಮುಳ್ಳು ಎಲ್ಲಿ ನಿಂತಿತೋ.

ದಾಟಿದೆ. ಅವನು ಹೋದ.
ಆಚೆ ಬದಿಯಲ್ಲಿ ಬಿಸಿ ಕಡಲೆಕಾಯಿ ಕಂಡಿತು,
ಹತ್ತು ರೂಪಾಯಿಯದು ಕೊಂಡೆ.