ಮೇಲಿನ್

ವಡಾಲದ ಮುನಿಸಿಪಾಲ್ಟಿ ಕನ್ನಡ ಶಾಲೆಯಲ್ಲಿ
ಹಾಜರಿ ಕೂಗುತ್ತ ಕೂಗುತ್ತ ಶಾನಭಾಗ ಮಾಸ್ತರು
ನನ್ನ ಹೆಸರಿಗೆ ಬಂದು ಎಡವುತ್ತಿದ್ದರು.
"ಮೇಲಿನ... ಮೇಲಿನ ಎಂತದು?
ಮುಂದಿನ ಶಬ್ದ ಬರೆಯಲು ಮರೆತರೋ ಹೇಗೆ?"
ಹಿಂದಿನ ಬೆಂಚು ಕಾದು ಕೂತಿರುತ್ತಿತ್ತು:
ಮೇಲಿನ ಮಾಳಿಗೆ! ಮೇಲಿನ ಟಾಕಿ! ಮೇಲಿನ ಬರ್ತು!
ನಾನೂ ನಗುತ್ತಿದ್ದೆ,
ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ.

ಹೆಸರಿಟ್ಟವನು ಅಪ್ಪ, ಫಾಂಗ್ ವಾ ಸಮ್,
ಮಜಗಾಂವಿನ ಹಲ್ಲಿನ ಡಾಕ್ಟರು.
ಅವನ ಭಾಷೆಯಲ್ಲಿ ಅದು ಚೆಲುವಾದ ತಾವರೆ.
"ಹಾಗಾದರೆ ಕಮಲಾಕ್ಷಿ ಅಂದ ಹಾಗೇ ಆಯ್ತಲ್ಲ" ಎಂದು
ಅಂಕೋಲೆಯ ಅಜ್ಜಿ ನನ್ನ ಕಣ್ಣು ನೋಡಿ
ಅರ್ಧಕ್ಕೇ ಮಾತು ನುಂಗಿದಳಂತೆ.

ಅವ್ವ ಸಾವಂತ್ರಿ ದವಡೆಹಲ್ಲು ಕೀಳಿಸಲು ಹೋದವಳು.
ಬಾಯಿ ತೆರೆದೇ ಇದ್ದುದರಿಂದ
ಬೇಡ ಎನ್ನಲಿಕ್ಕೆ ಆಗಲಿಲ್ಲ ಎಂದು ನಗಿಸುತ್ತಿದ್ದಳು.
ಆ ನಗುವಿನಲ್ಲಿ ಏಳು ವರ್ಷ ತವರಿನಿಂದ ಬಾರದ
ಕಾಗದಗಳ ಸುದ್ದಿ ಇರುತ್ತಿರಲಿಲ್ಲ.

ಎಂಟನೇ ವರ್ಷ ಹೋದೆವು.
ಈ ಮಗು ನಮ್ಮದು ಹೌದೋ ಅಲ್ಲವೋ ಎಂದು
ಅಜ್ಜಿ ದೇವರಲ್ಲಿ ಹೂವಿನ ಪ್ರಸಾದ ಕೇಳಿದಳು.
ಹೂವು ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ.
ಕಾದು ಕಾದು ಭಟ್ಟರಿಗೆ ಊಟದ ಹೊತ್ತಾಯಿತು.
ಅಜ್ಜಿಗೂ ಹಸಿವಾಗಿತ್ತು. ನನ್ನ ಕೈ ಹಿಡಿದು
"ನಡಿ ಮಗಾ, ಮನೆಯಲ್ಲಿ ಶೆಟ್ಲಿ ಸಾರು ತಣಿಯುತ್ತದೆ" ಎಂದಳು.
ಅಷ್ಟೇ. ಅದರ ಮೇಲೆ ಯಾರೂ ಕೇಳಲಿಲ್ಲ.

ಕೇಳುವವರೆಲ್ಲ ಹಾರ್ಬರ್ ಲೈನಿನಲ್ಲಿದ್ದರು.
ನೇಪಾಳವಾ? ಮಣಿಪುರವಾ? ಬ್ಯೂಟಿ ಪಾರ್ಲರಾ?
ಒಮ್ಮೆ ಅಂಕೋಲಾ ಅಂದೆ.
ಮೆಂತೆ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಿ
"ಅದು ಚೀನಾದಲ್ಲಿ ಎಲ್ಲಿ ಬರುತ್ತದೆ?" ಎಂದಳು.
ಡಾಕ್‌ಯಾರ್ಡ್ ರೋಡು ಬಂತು, ಇಳಿದೆ.

ಅರವತ್ತೆರಡರ ನಂತರ ಚೀನೀ ತಾತ
ಸೋಮವಾರ ಸೋಮವಾರ ಠಾಣೆಗೆ ಹೋಗಿ ಸಹಿ ಹಾಕಿ ಬರುತ್ತಿದ್ದನಂತೆ,
ನಾನು ಇಲ್ಲೇ ಇದ್ದೇನೆ ಎಂದು.
ಅಪ್ಪ ಈ ಮಾತನ್ನು ಒಮ್ಮೆ ಮಾತ್ರ ಹೇಳಿದ,
ನನ್ನ ಹಲ್ಲಿಗೆ ಸಿಮೆಂಟು ತುಂಬುತ್ತ,
ನಾನು ತಿರುಗಿ ಏನೂ ಕೇಳಲಾಗದ ಹೊತ್ತು ನೋಡಿ.

ಕ್ಲಿನಿಕ್ಕಿನ ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು.
ಪಾರ್ಸಿ ಮುದುಕಿಯರ, ಬೋಹ್ರಾ ಅಂಗಡಿಯವರ,
ಗೋದಿಯ ಹಮಾಲರ, ಕ್ರಿಸ್ತುವ ಟೀಚರುಗಳ ಬಾಯಿಗಳು.
ಅವ್ವ ಪ್ರತಿ ಡಬ್ಬಿಯ ಮೇಲೂ
ಕನ್ನಡದಲ್ಲಿ ಚೀಟಿ ಅಂಟಿಸುತ್ತಿದ್ದಳು,
ಅವಳಿಗೆ ಬರುತ್ತಿದ್ದ ಲಿಪಿ ಅದೊಂದೇ:
ಕೆಳಗಿನ. ಮೇಲಿನ. ಮೇಲಿನ. ಕೆಳಗಿನ.
ಓದಲು ಕಲಿತ ವರ್ಷ ನಾನು ನಂಬಿದ್ದೆ,
ಮಜಗಾಂವಿನ ಅರ್ಧ ಹಲ್ಲುಗಳು ನನ್ನವು ಎಂದು.
ಇನ್ನರ್ಧ ಕೆಳಗಿನ ಎಂಬ ತಂಗಿಯದು,
ಅವಳು ಇನ್ನೂ ಹುಟ್ಟಬೇಕು.

ಹೋದ ಫೆಬ್ರವರಿಯಲ್ಲಿ ಅಪ್ಪ ಹೋದ.
ಅವ್ವ ಅದಕ್ಕೂ ಮೊದಲೇ.
ಭಂಗಾರಿನವನು ಮೆಟ್ಟಿಲ ಮೇಲೆ ಗೋಣಿಚೀಲ ಹಿಡಿದು ನಿಂತಿದ್ದ.
ಒಂದೊಂದೇ ಡಬ್ಬಿ ಕೊಡುತ್ತ ಹೋದೆ.
ಕೊನೆಯ ಸಾಲಿನಲ್ಲಿ ಒಂದು,
ಚೀಟಿಯ ಅಕ್ಷರ ಅವ್ವನದಲ್ಲ.
ಗೆರೆಗಳು ಕುಂಚದ ಅಭ್ಯಾಸದವು, ಮೇಲಿನಿಂದ ಕೆಳಗೆ ಇಳಿದಂಥವು,
ಮ ಯಾವುದೋ ಬಾಗಿಲಿನಂತೆ, ಲ ಒಂದು ಕೊಡೆಯಂತೆ,
ಕೊನೆಗೆ ನ, ಅದರ ನೆತ್ತಿಯ ಮೇಲೆ
ಎರಡು ಸಲ ತಿದ್ದಿ ಬರೆದ ಆ ಸಣ್ಣ ಸುಳಿ.

ಮೇಲಿನ್.

ಒಳಗೆ ನನ್ನ ಒಂಬತ್ತನೇ ವರ್ಷದ ಬಾಯಿ,
ಮುಂದಿನ ಹಲ್ಲು ಅರ್ಧ ಮಾತ್ರ ಬಂದದ್ದು.

ಯಾವಾಗ ಕಲಿತ? ನನ್ನ ಕಾಪಿ ಪುಸ್ತಕ ಕದ್ದು ನೋಡಿಯೇ?
ಒಂದು ಅರ್ಧಾಕ್ಷರಕ್ಕಾಗಿ
ಎಷ್ಟು ರಾತ್ರಿ ಎಷ್ಟು ಚೀಟಿ ಹರಿದ?

ಜೋರಾಗಿ ಓದಿದೆ, ಹಾಜರಿ ಕೂಗುವ ಹಾಗೆ.
ಕೊನೆಗೆ ನಾಲಗೆ ಮೇಲಿನ ಹಲ್ಲಿನ ಬೆನ್ನಿಗೆ ತಾಗಿ
ಅಲ್ಲೇ ನಿಂತಿತು.

"ಅದನ್ನೂ ಹಾಕಲೇ?" ಎಂದ ಭಂಗಾರಿನವನು.