ಮುನ್ನೂರ ಹನ್ನೆರಡನೇ ಪುಟ

ಕೋಟ್ಕಾ ಬಂದರಿನ ಮೂರನೇ ಗೇಟಿನಲ್ಲಿ
ರಾತ್ರಿ ಪಾಳಿ ನನ್ನದು. ಸಮುದ್ರ ಹೆಪ್ಪುಗಟ್ಟಿದ ಮೇಲೆ
ಲಾರಿಗಳೂ ಕಮ್ಮಿ. ಓದಲು ಬೇಕಾದಷ್ಟು ಹೊತ್ತು.

ಏಳು ಸಂಪುಟದ ಆ ರಾಜರ ಕಥೆ
ಎರಡು ಸಲ ಮುಗಿಸಿದ್ದೆ. ಯಾರು ಯಾರನ್ನು ಕೊಂದರು,
ಯಾವ ಕುದುರೆಗೆ ಏನು ಹೆಸರು, ಎಲ್ಲ ಬಾಯಿಪಾಠ.
ಮೂರನೇ ಸಂಪುಟ, ಮುನ್ನೂರ ಹನ್ನೆರಡನೇ ಪುಟ:
'ಬಾಗಿಲು ಕಾಯುವವನು ಬಿದ್ದ. ರಾಜಕುಮಾರ ಒಳನುಗ್ಗಿದ.'
ಎರಡು ಸಲವೂ ನಾನು
ರಾಜಕುಮಾರನ ಹಿಂದೆಯೇ ಓಡಿದ್ದೆ,
ಬಿದ್ದವನನ್ನು ದಾಟಿಕೊಂಡು.

ಪಿರ್ಕ್ಕೊ, ಹಲ್ಲಿನ ಆಸ್ಪತ್ರೆಯಲ್ಲಿ ಎಂಜಲು ಹೀರುವ ಕೊಳವೆ ಹಿಡಿಯುವವಳು,
ನನ್ನ ಬಾಯಿ ತೆರೆದಿದ್ದಾಗಲೇ ಕೇಳಿದಳು:
'ಆ ಬಾಗಿಲವನ ಬಗ್ಗೆ ಬರೆದಿದ್ದೇನೆ. ಓದುತ್ತೀರಾ?'
ಬೇಡ ಎನ್ನಲು ನಾಲಿಗೆ ನನ್ನ ವಶದಲ್ಲಿರಲಿಲ್ಲ.

ನಲವತ್ತು ಹಾಳೆ.
ಅವನಿಗೊಂದು ಹೆಸರು ಸಿಕ್ಕಿದ್ದು ಒಂಬತ್ತನೇ ಹಾಳೆಯಲ್ಲಿ,
ಅದೂ ಅಕ್ಕ ಬೈಯುವಾಗ.
ಎಡ ದವಡೆಯಲ್ಲೊಂದು ಹುಳುಕು ಹಲ್ಲು,
ಇನ್ನೇನು ಬರೆದಾಳು ಪಿರ್ಕ್ಕೊ!
ಲವಂಗ ಕೊಳ್ಳಲು ಕಾಸಿಲ್ಲ,
ಅಡುಗೆಮನೆಯ ಹುಡುಗನ ಬಳಿ ಸಾಲ.
ಮಳೆ ಬಂದರೆ ಊದಿಕೊಳ್ಳುವ ಆ ಬಾಗಿಲನ್ನು
ಯಾವ ಮೂಲೆಗೆ ಒದ್ದರೆ ತೆರೆಯುತ್ತದೆಂದು
ಇಡೀ ಕೋಟೆಯಲ್ಲಿ ಅವನೊಬ್ಬನಿಗೇ ಗೊತ್ತು.
ಕೊನೆಯ ರಾತ್ರಿ ನೋವು ತಡೆಯದೆ
ತಣ್ಣನೆಯ ಅಗುಳಿಗೆ ದವಡೆ ಒತ್ತಿ ನಿಂತಿದ್ದ,
ಹಾಗಾಗಿ ಹೆಜ್ಜೆ ಸದ್ದು ಮೊದಲು ಕೇಳಿದ್ದು ಅವನಿಗೇ,
ಕಬ್ಬಿಣದ ಒಳಗಿಂದ.

ನಲವತ್ತನೇ ಹಾಳೆಯಲ್ಲಿ ಬಿದ್ದ.

ಸಿಟ್ಟು ಬಂತು ನನಗೆ. ಸೇತುವೆಯ ಬಳಿ ಸಿಕ್ಕಾಗ ಕೇಳಿಯೇಬಿಟ್ಟೆ:
'ಇಷ್ಟೆಲ್ಲ ಕೊಟ್ಟವಳು ಜೀವ ಉಳಿಸಬಾರದಿತ್ತೆ?'
ಕೈಗವಸು ತೆಗೆದು ಮೂಗೊರೆಸಿಕೊಂಡಳು.
'ಸಾವನ್ನು ಅವರು ಬರೆದಾಗಿದೆ, ಇಲ್ಪೊ. ಅದು ನನ್ನದಲ್ಲ.
ಅದಕ್ಕೂ ಹಿಂದಿನದೆಲ್ಲ ಬೀಳು ಬಿದ್ದಿತ್ತು,
ಯಾರೂ ಕೇಳದ ಜಾಗ. ಒಂದಷ್ಟು ಬಿತ್ತಿದೆ.'

ಹೂವಿನ ಜೊತೆ ನಾರಿಗೂ ಸ್ವರ್ಗವಂತೆ.
ಇವಳು ನಾರನ್ನು ಸ್ವರ್ಗಕ್ಕೇನೂ ಕಳಿಸಲಿಲ್ಲ,
ಯಾವ ಬಾಳೆಯದು ನೀನು, ಎಂದು ಕೇಳಿದಳು.
ಅಷ್ಟೆ.

ಈಗ ಮೂರನೇ ಸಲ ಓದುತ್ತಿದ್ದೇನೆ.
ನಿನ್ನೆ ಮುನ್ನೂರ ಹನ್ನೆರಡಕ್ಕೆ ಬಂದಾಗ ಬೆಳಗಿನ ಜಾವ ನಾಲ್ಕು.
ರಾಜಕುಮಾರ ಒಳನುಗ್ಗಿದ. ನುಗ್ಗಲಿ,
ಅವನ ಹಿಂದೆ ಓಡುವವರಿಗೇನು ಬರವೆ?
ನಾನು ಬಾಗಿಲಲ್ಲೇ ಉಳಿದೆ.
ಹೊರಗೆ ಲಾರಿಯೊಂದು ಹಾರ್ನ್ ಹಾಕುತ್ತಿತ್ತು,
ಎಷ್ಟು ಹೊತ್ತಿನಿಂದಲೋ.